ಚುಕ್ಕಾಣಿಯ ಶಾಸ್ತ್ರಜ್ಞ ನಾರ್ಬರ್ಟ್ ವೀನರ್

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳು ಅಡಿಕೆಯ ತೋಟಗಳಿಗೆ ಹೆಸರಾದುವು. ಚಳಿಗಾಲ ಬಂದಿತೆಂದರೆ ಅಲ್ಲಿ ಕೊನೆಕೊಯ್ಲಿನ ಸಡಗರ. ಕೊನೆಗೌಡನು ನೆಟ್ಟನೆ ಬೆಳೆದ ಮರವನ್ನೇರಿ, ಕೊನೆಯನ್ನು ಕೊಯ್ದು, ಹಗ್ಗದ ಮೇಲೆ ಜಾರಿಬಿಡುತ್ತಾನೆ. ಹಗ್ಗದ ಇನ್ನೊಂದು ತುದಿಯನ್ನು ಹಿಡಿದು ಕೆಳಗೆ ನಿಂತವನು ಕೊನೆ ಬರುವ ವೇಗವನ್ನು ನೋಡುನೋಡುತ್ತಲೇ ಹಗ್ಗದ ಬಿಗಿತವನ್ನು ಹೆಚ್ಚುಕಡಿಮೆ ಮಾಡುತ್ತಾನೆ. ಒಂದು ಮರದ ಕೆಲಸ ಮುಗಿದ ಮೇಲೆ ಕೊನೆಗೌಡನು ನೆಲಕ್ಕಿಳಿಯದೆ, ಮರವನ್ನು ತೂಗಿ, ಪಕ್ಕದ ಮರವನ್ನು ಹಿಡಿದು ಅದಕ್ಕೆ ದಾಟಿಕೊಳ್ಳುವುದೂ ಉಂಟು. ಮರವು ಎಷ್ಟು ಬಾಗಿತು, ಮರುಕ್ಷಣ ಎಲ್ಲಿರುತ್ತದೆ, ಕೈಯನ್ನು ಯಾವಾಗ ಚಾಚಬೇಕು ಎಂಬುದನ್ನು ಅವನು ಕಾಗದದ ಮೇಲೆ ಲೆಕ್ಕ ಹಾಕುವುದಿಲ್ಲ. ಆದರೂ ಅವನ ಕೈ ಸರಿಯಾದ ಹೊತ್ತಿಗೆ ಸರಿಯಾದ ಎಡೆಯನ್ನು ಸೇರುತ್ತದೆ.

ಇದೇ ಸೀಮೆಯ ಯಕ್ಷಗಾನದ ರಂಗಸ್ಥಳದಲ್ಲಿಯೂ ಇಂತಹುದೇ ಹೊಂದಾಣಿಕೆಯನ್ನು ಕಾಣಬಹುದು. ಭಾಗವತರ ಪದ, ಮದ್ದಳೆಗಾರನ ಪೆಟ್ಟು, ವೇಷಧಾರಿಯ ಹೆಜ್ಜೆ ಇವು ಮೂರೂ ಒಂದನ್ನೊಂದು ಕೇಳುತ್ತ, ನೋಡುತ್ತ, ತಿದ್ದಿಕೊಳ್ಳುತ್ತ ಸಾಗುತ್ತವೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನದವರು ಉಳಿಸಿಕೊಂಡು ಬಂದಿರುವ ಯಕ್ಷಗಾನ ಗೊಂಬೆಯಾಟದಲ್ಲಿ ಈ ಹೊಂದಾಣಿಕೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಕುಣಿಯುವುದು ಮನುಷ್ಯನಲ್ಲ, ಮನುಷ್ಯನ ಆಕಾರದ ಮರದ ಗೊಂಬೆ. ಆಡಿಸುವವನ ಬೆರಳಿನ ಚಲನೆಯು ದಾರದ ಮೂಲಕ ಗೊಂಬೆಗೆ ಇಳಿಯುತ್ತದೆ. ಗೊಂಬೆಯ ಭಾರವೂ ತೂಗಾಟವೂ ಅದೇ ದಾರದ ಮೂಲಕ ಬೆರಳಿಗೆ ಏರಿ ಬರುತ್ತವೆ.

ಕೈ ಈ ಕೆಲಸವನ್ನು ಹೇಗೆ ಮಾಡುತ್ತದೆ? ಮನುಷ್ಯನಂತೆ ಚಲಿಸುವ ಯಂತ್ರವೊಂದನ್ನು ನಿರ್ಮಿಸಿದರೆ, ಅದು ಮನುಷ್ಯನೊಡನೆ ಹೆಜ್ಜೆಗೆ ಹೆಜ್ಜೆ ಸೇರಿಸಿ ದುಡಿಯಬಲ್ಲುದೇ? ಈ ಪ್ರಶ್ನೆಗಳಿಗೆ ಗಣಿತದ ಭಾಷೆಯಲ್ಲಿ ಉತ್ತರವನ್ನು ಹುಡುಕಿದವರಲ್ಲಿ ಅಗ್ರಗಣ್ಯರು ಅಮೆರಿಕದ ನಾರ್ಬರ್ಟ್ ವೀನರ್. ಅವರ ಜೀವನದ ಸೋಜಿಗವೆಂದರೆ, ಕೈಯ ಚಲನೆಯ ಗುಟ್ಟನ್ನು ಬಿಡಿಸಿದ ಈ ಮಹನೀಯರಿಗೆ ತಮ್ಮ ಕೈ ಎಂದೂ ಸರಿಯಾಗಿ ವಶವಾಗಿರಲಿಲ್ಲ.

ನಾರ್ಬರ್ಟ್ ವೀನರ್ 1894ನೆಯ ಇಸವಿ ನವೆಂಬರ್ 26ರಂದು ಅಮೆರಿಕದ ಮಿಸೌರಿ ಸಂಸ್ಥಾನದ ಕೊಲಂಬಿಯಾ ಎಂಬ ಊರಿನಲ್ಲಿ ಜನಿಸಿದರು. ತಂದೆ ಲಿಯೋ ವೀನರ್ ಯೆಹೂದಿ ಮನೆತನದವರು. ಅಂದಿನ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ, ಅಮೆರಿಕಕ್ಕೆ ವಲಸೆ ಬಂದು, ಸ್ವಪ್ರಯತ್ನದಿಂದ ಮೇಲೆ ಬಂದ ಬಹುಭಾಷಾ ಪಂಡಿತರು. ಮುಂದೆ ಅವರು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸ್ಲಾವ್ ಭಾಷೆಗಳ ಪ್ರಾಧ್ಯಾಪಕರಾದರು. ಮಗನನ್ನು ಅಸಾಧಾರಣ ವಿದ್ವಾಂಸನನ್ನಾಗಿ ಮಾಡಬೇಕೆಂಬುದು ಅವರ ಹಂಬಲ. ಆದುದರಿಂದ ಅವರೇ ಮನೆಯಲ್ಲಿ ಪಾಠ ಹೇಳುತ್ತಿದ್ದರು. ಪಾಠವು ಮೃದುವಾಗಿಯೇ ಆರಂಭವಾಗುತ್ತಿತ್ತು. ಬಾಲಕನು ಒಂದು ಲೆಕ್ಕ ತಪ್ಪಿದನೆಂದರೆ ಅಕ್ಕರೆಯ ತಂದೆಯು ಮಾಯವಾಗಿ ಕಠೋರನಾದ ಗುರುವು ಕಾಣಿಸಿಕೊಳ್ಳುತ್ತಿದ್ದನು. ಎಷ್ಟೋ ದಿನ ಪಾಠವು ಬಾಲಕನ ಕಣ್ಣೀರಿನಲ್ಲಿ ಮುಗಿಯುತ್ತಿತ್ತು.

ನಾರ್ಬರ್ಟನಿಗೆ ದೂರದೃಷ್ಟಿ ಮಂದ. ಎಂಟನೆಯ ವಯಸ್ಸಿನಲ್ಲಿ ಕಣ್ಣಿಗೆ ಆಯಾಸ ಹೆಚ್ಚಲು, ಆರು ತಿಂಗಳು ಪುಸ್ತಕವನ್ನು ಮುಟ್ಟಲೇಬಾರದೆಂದು ವೈದ್ಯರು ಕಟ್ಟುಮಾಡಿದರು. ಅಷ್ಟು ಕಾಲವೂ ಅವನು ಪಾಠವನ್ನು ಕಿವಿಯಿಂದ ಕೇಳಿ, ಲೆಕ್ಕವನ್ನು ಮನಸ್ಸಿನಲ್ಲಿಯೇ ಬಿಡಿಸಿದನು. ಶಿಕ್ಷೆಯಂತೆ ಬಂದುದು ವರವಾಯಿತು. ಕಾಗದವಿಲ್ಲದೆ ಆಲೋಚಿಸುವ ಶಕ್ತಿಯು ಅವನಿಗೆ ಆಗಲೇ ಒದಗಿತು.

ಒಂಬತ್ತನೆಯ ವಯಸ್ಸಿನಲ್ಲಿ ಪ್ರೌಢಶಾಲೆ, ಹನ್ನೊಂದರಲ್ಲಿ ಟಫ್ಟ್ಸ್ ಕಾಲೇಜು, 1909ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಪದವಿ! ಪತ್ರಿಕೆಗಳು ಅವನನ್ನು ಅದ್ಭುತ ಬಾಲಕನೆಂದು ಹೊಗಳಿದುವು. ಆದರೆ ಆ ಹೊಗಳಿಕೆಯ ಹಿಂದೆ ನೋವಿತ್ತು. ಸಹಪಾಠಿಗಳೆಲ್ಲ ಅವನಿಗಿಂತ ಬಹಳ ದೊಡ್ಡವರು, ಆಟಕ್ಕೆ ಜೊತೆಗಾರರಿಲ್ಲ. ಅಷ್ಟೇ ಅಲ್ಲದೆ ಅವನ ಕೈಗಳು ಹೇಳಿದಂತೆ ಕೇಳುತ್ತಿರಲಿಲ್ಲ. ಅವನಿಗೆ ಪ್ರಾಣಿಶಾಸ್ತ್ರದಲ್ಲಿ ಅಪಾರವಾದ ಆಸೆ. ಅದನ್ನು ಕಲಿಯಲು ಹಾರ್ವರ್ಡಿಗೆ ಸೇರಿದನು. ಅಲ್ಲಿ ಸೂಕ್ಷ್ಮವಾದ ಅಂಗಚ್ಛೇದನ ಮಾಡಬೇಕು, ಸೂಕ್ಷ್ಮದರ್ಶಕದಲ್ಲಿ ಕಂಡುದನ್ನು ಚಿತ್ರಿಸಬೇಕು. ಮಂದವಾದ ಕಣ್ಣು, ತಡವರಿಸುವ ಬೆರಳು ಎರಡೂ ಕೈಕೊಟ್ಟುವು. ಒಂದು ವರ್ಷದಲ್ಲಿ ಆ ಆಸೆಯನ್ನು ಬಿಡಬೇಕಾಯಿತು. ಅವನು ತತ್ತ್ವಶಾಸ್ತ್ರಕ್ಕೂ ಗಣಿತಕ್ಕೂ ತಿರುಗಿದನು. 1913ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ ಹಾರ್ವರ್ಡ್ ಅವನಿಗೆ ಡಾಕ್ಟರ್ ಪದವಿಯನ್ನು ನೀಡಿತು.

ಆ ಬಳಿಕ ವೀನರ್ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಬರ್ಟ್ರಂಡ್ ರಸೆಲ್ಲರ ಬಳಿಯಲ್ಲಿಯೂ ಜರ್ಮನಿಯ ಗಟಿಂಗನ್‌ನಲ್ಲಿ ಹಿಲ್ಬರ್ಟರ ಬಳಿಯಲ್ಲಿಯೂ ಅಧ್ಯಯನ ಮಾಡಿದರು. 1919ರಲ್ಲಿ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾಗಿ ನೇಮಕಗೊಂಡರು. ಜೀವಮಾನದ ಕೊನೆಯವರೆಗೂ ಅದೇ ಅವರ ಕರ್ಮಭೂಮಿಯಾಯಿತು. ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಕಣಗಳು ಎತ್ತೆತ್ತಲೋ ತೊನೆದಾಡುವ ಬ್ರೌನಿಯನ್ ಚಲನೆಗೆ ಅವರು ಗಣಿತದ ಭದ್ರವಾದ ಬುನಾದಿಯನ್ನು ಹಾಕಿದರು. ಗೊತ್ತುಗುರಿಯಿಲ್ಲದಂತೆ ಕಾಣುವ ಚಲನೆಯಲ್ಲಿಯೂ ಲೆಕ್ಕಕ್ಕೆ ಸಿಕ್ಕುವ ಕ್ರಮವಿದೆ ಎಂಬುದನ್ನು ಈ ಕಾರ್ಯವು ಅವರಿಗೆ ಕಲಿಸಿತು. 1926ರಲ್ಲಿ ಅವರು ಮಾರ್ಗರೆಟ್ ಎಂಗೆಮನ್ ಎಂಬಾಕೆಯನ್ನು ವಿವಾಹವಾದರು. ದಂಪತಿಗಳಿಗೆ ಇಬ್ಬರು ಹೆಣ್ಣುಮಕ್ಕಳು.

ಎರಡನೆಯ ಮಹಾಯುದ್ಧವು ಅವರ ಬಾಳಿಗೆ ಹೊಸ ತಿರುವನ್ನು ಕೊಟ್ಟಿತು. ಜರ್ಮನಿಯ ವಿಮಾನಗಳು ಇಂಗ್ಲೆಂಡಿನ ನಗರಗಳ ಮೇಲೆ ಬಾಂಬುಗಳ ಮಳೆಗರೆಯುತ್ತಿದ್ದುವು. ನೆಲದಿಂದ ಹಾರಿಸಿದ ಗುಂಡು ಎತ್ತರದ ವಿಮಾನವನ್ನು ತಲಪಲು ಹಲವು ಸೆಕೆಂಡುಗಳು ಬೇಕು. ಅಷ್ಟರಲ್ಲಿ ವಿಮಾನವು ಬಹುದೂರ ಸಾಗಿರುತ್ತದೆ. ಆದುದರಿಂದ ವಿಮಾನವು ಈಗ ಇರುವ ಎಡೆಗಲ್ಲ, ಮುಂದೆ ಇರಲಿರುವ ಎಡೆಗೆ ಗುರಿಯಿಡಬೇಕು. ಆ ಮುಂದಿನ ಎಡೆಯನ್ನು ಊಹಿಸುವ ಯಂತ್ರದ ಗಣಿತವನ್ನು ವೀನರರು ಜೂಲಿಯನ್ ಬಿಗೆಲೋ ಎಂಬ ಯುವ ಎಂಜಿನಿಯರರೊಡನೆ ಕೈಗೆತ್ತಿಕೊಂಡರು. ಅವರ ಸಾಧನವು ಯುದ್ಧದಲ್ಲಿ ಬಳಕೆಗೆ ಬರಲಿಲ್ಲ. ಆದರೆ ಆ ಪ್ರಯತ್ನದಲ್ಲಿ ಅವರಿಗೆ ಒಂದು ಮಹತ್ತರವಾದ ಅರಿವು ಮೂಡಿತು. ವಿಮಾನವನ್ನು ನಡೆಸುವವನು ಮನುಷ್ಯ. ಫಿರಂಗಿಯನ್ನು ತಿರುಗಿಸುವವನೂ ಮನುಷ್ಯ. ಯಂತ್ರ ಮತ್ತು ಮನುಷ್ಯ ಸೇರಿ ಒಂದೇ ಸರಪಣಿಯಾದಾಗ, ಮನುಷ್ಯನ ಚಲನೆಗೂ ಯಂತ್ರದ ಚಲನೆಗೂ ಒಂದೇ ಬಗೆಯ ಗಣಿತವನ್ನು ಅನ್ವಯಿಸಬೇಕಾಗುತ್ತದೆ.

ಆ ಗಣಿತದ ತಿರುಳು ಹಿಮ್ಮಾಹಿತಿ ಎಂಬ ತತ್ತ್ವ. ಮಾಡಿದ ಕೆಲಸದ ಫಲವೇನಾಯಿತೆಂಬ ಸುದ್ದಿಯು ಮಾಡುವವನಿಗೆ ಮರಳಿ ಬಂದು, ಮುಂದಿನ ಕೆಲಸವನ್ನು ತಿದ್ದುವುದೇ ಹಿಮ್ಮಾಹಿತಿ. ಯಂತ್ರಗಳಲ್ಲಿ ಇದು ಹೊಸದಾಗಿರಲಿಲ್ಲ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿ 1903ರಲ್ಲಿ ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯದಲ್ಲಿ ಅಳವಡಿಸಿದ ಬಾಗಿಲುಗಳನ್ನು ನೆನೆಯಬಹುದು. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ಅವು ತಾವಾಗಿಯೇ ತೆರೆಯುತ್ತಿದ್ದುವು. ನೀರು ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದುವು. ನೀರಿನ ಮಟ್ಟವೇ ಬಾಗಿಲಿಗೆ ಸುದ್ದಿ ಮುಟ್ಟಿಸುತ್ತಿತ್ತು. ನಾವು ಮೇಜಿನ ಮೇಲಿನ ಪೆನ್ಸಿಲನ್ನು ಎತ್ತಿಕೊಳ್ಳುವಾಗಲೂ ಇದೇ ನಡೆಯುತ್ತದೆ ಎಂದು ವೀನರ್ ಮತ್ತು ಬಿಗೆಲೋ ಬಗೆದರು. ಕೈ ಇನ್ನೆಷ್ಟು ದೂರ ಹೋಗಬೇಕು ಎಂಬ ಸುದ್ದಿಯನ್ನು ಕಣ್ಣೂ ಸ್ನಾಯುಗಳೂ ಕ್ಷಣಕ್ಷಣವೂ ಮೆದುಳಿಗೆ ಕಳುಹಿಸುತ್ತವೆ. ಉಳಿದ ಅಂತರವನ್ನು ಕಡಮೆ ಮಾಡುತ್ತ ಮಾಡುತ್ತ ಕೈಯು ಗುರಿಯನ್ನು ಸೇರುತ್ತದೆ.

ಊಹೆಯನ್ನು ಪರೀಕ್ಷಿಸುವುದೆಂತು? ಹಿಮ್ಮಾಹಿತಿಯುಳ್ಳ ಯಂತ್ರಕ್ಕೆ ಒಂದು ದೋಷವುಂಟು. ತಿದ್ದುಪಡಿಯು ಮಿತಿಮೀರಿದರೆ ಅಥವಾ ಸುದ್ದಿಯು ತಡವಾಗಿ ಬಂದರೆ ಯಂತ್ರವು ಗುರಿಯನ್ನು ದಾಟಿ ಮುಂದೆ ಹೋಗುತ್ತದೆ. ತಿದ್ದಿಕೊಳ್ಳಲು ಹೋಗಿ ಹಿಂದಕ್ಕೂ ದಾಟುತ್ತದೆ. ಹೀಗೆ ಅತ್ತಿತ್ತ ತುಯ್ದಾಡಲಾರಂಭಿಸುತ್ತದೆ. ಮನುಷ್ಯನ ಶರೀರವೂ ಇದೇ ತತ್ತ್ವದಿಂದ ನಡೆಯುವುದಾದರೆ, ಅಲ್ಲಿಯೂ ಇಂತಹ ತುಯ್ದಾಟದ ರೋಗವೊಂದು ಇರಲೇಬೇಕು. ವೀನರರು ಈ ಪ್ರಶ್ನೆಯನ್ನು ಮೆಕ್ಸಿಕೋ ದೇಶದ ಶರೀರಶಾಸ್ತ್ರಜ್ಞರಾದ ತಮ್ಮ ಮಿತ್ರ ಅರ್ತೂರೋ ರೋಸೆನ್‌ಬ್ಲೂತರ ಮುಂದಿಟ್ಟರು. ಅಂತಹ ರೋಗವುಂಟೆಂದು ಅವರು ಕೂಡಲೇ ತಿಳಿಸಿದರು. ಕಿರುಮೆದುಳಿಗೆ ಪೆಟ್ಟಾದ ರೋಗಿಯು ಸುಮ್ಮನಿದ್ದಾಗ ಅವನ ಕೈ ನಡುಗುವುದಿಲ್ಲ. ಏನನ್ನಾದರೂ ಹಿಡಿಯಲು ಹೊರಟಾಗ ಮಾತ್ರ ಅದು ಗುರಿಯ ಅತ್ತ ಇತ್ತ ತೂಗಾಡಿ ನಡುಗುತ್ತದೆ. ಗಣಿತವು ಮೊದಲೇ ಕಂಡ ರೋಗವನ್ನು ವೈದ್ಯಶಾಸ್ತ್ರವು ಹೌದೆಂದು ಒಪ್ಪಿತು. 1943ರಲ್ಲಿ ಮೂವರೂ ಸೇರಿ ಈ ವಿಚಾರವನ್ನು ಲೇಖನವಾಗಿ ಪ್ರಕಟಿಸಿದರು.

1948ರಲ್ಲಿ ವೀನರರ ಸೈಬರ್ನೆಟಿಕ್ಸ್ ಎಂಬ ಗ್ರಂಥವು ಹೊರಬಂದಿತು. ಗ್ರೀಕ್ ಭಾಷೆಯಲ್ಲಿ ಹಡಗಿನ ಚುಕ್ಕಾಣಿ ಹಿಡಿಯುವವನಿಗಿರುವ ಹೆಸರಿನಿಂದ ಅವರು ಈ ಪದವನ್ನು ಟಂಕಿಸಿದರು. ಚುಕ್ಕಾಣಿಗನು ಗಾಳಿಯನ್ನೂ ಅಲೆಯನ್ನೂ ತಾನು ಬಯಸಿದಂತೆ ಬದಲಿಸಲಾರನು. ಹಡಗು ದಾರಿಯಿಂದ ಎಷ್ಟು ಸರಿದಿದೆಯೆಂದು ನೋಡಿ, ಅಷ್ಟಕ್ಕೆ ತಕ್ಕಂತೆ ಚುಕ್ಕಾಣಿಯನ್ನು ತಿರುಗಿಸುತ್ತಾನೆ. ಪ್ರಾಣಿಯಲ್ಲಿಯೂ ಯಂತ್ರದಲ್ಲಿಯೂ ನಡೆಯುವ ನಿಯಂತ್ರಣವನ್ನು ಒಟ್ಟಾಗಿ ವಿವೇಚಿಸುವ ಶಾಸ್ತ್ರಕ್ಕೆ ಇದಕ್ಕಿಂತ ತಕ್ಕ ಹೆಸರು ದೊರೆಯದು. ಗಣಿತ ಸೂತ್ರಗಳಿಂದ ತುಂಬಿದ ಆ ಗ್ರಂಥವು ಎಲ್ಲರ ನಿರೀಕ್ಷೆಯನ್ನು ಮೀರಿ ಜನಪ್ರಿಯವಾಯಿತು.

ತಮ್ಮ ತತ್ತ್ವವನ್ನು ಕಣ್ಣಿಗೆ ಕಾಣುವಂತೆ ಮಾಡಲು ವೀನರರು ಸಹೋದ್ಯೋಗಿಗಳೊಡನೆ ಮೂರು ಗಾಲಿಗಳ ಪುಟ್ಟ ಬಂಡಿಯೊಂದನ್ನು ಮಾಡಿಸಿದರು. ಬೆಳಕನ್ನು ಗ್ರಹಿಸುವ ಎರಡು ವಿದ್ಯುತ್ ಕಣ್ಣುಗಳು ಅದಕ್ಕಿದ್ದುವು. ಒಂದು ರೀತಿಯಲ್ಲಿ ಜೋಡಿಸಿದರೆ ಅದು ಪತಂಗದಂತೆ ದೀಪದ ಕಡೆಗೆ ಓಡುತ್ತಿತ್ತು. ಇನ್ನೊಂದು ರೀತಿಯಲ್ಲಿ ಜೋಡಿಸಿದರೆ ತಿಗಣೆಯಂತೆ ಬೆಳಕಿನಿಂದ ಕತ್ತಲೆಗೆ ಜಾರುತ್ತಿತ್ತು. ಹಿಮ್ಮಾಹಿತಿಯನ್ನು ಅತಿಯಾಗಿ ಹೆಚ್ಚಿಸಿದಾಗ ಅದು ರೋಗಿಯ ಕೈಯಂತೆಯೇ ನಡುಗುತ್ತಿತ್ತು. ನೋಡಲು ಆಟಿಕೆಯಂತಿದ್ದ ಆ ಬಂಡಿಯಿಂದ ನಡುಕದ ರೋಗಗಳನ್ನು ಅರಿಯುವ ದಾರಿಯು ತೋರಿತು.

ಇಷ್ಟರಲ್ಲಿ ವೀನರರ ಅಂತಃಕರಣವನ್ನು ಕಲಕಿದ ಘಟನೆಯು ನಡೆದುಹೋಗಿತ್ತು. 1945ರ ಆಗಸ್ಟಿನಲ್ಲಿ ಹಿರೋಷಿಮಾ ಮತ್ತು ನಾಗಸಾಕಿ ನಗರಗಳು ಅಣುಬಾಂಬಿಗೆ ತುತ್ತಾದುವು. ವಿಜ್ಞಾನಿಯು ಕಂಡುಹಿಡಿದುದು ಯಾರ ಕೈಗೆ ಹೋಗುತ್ತದೆ, ಯಾವುದಕ್ಕೆ ಬಳಕೆಯಾಗುತ್ತದೆ ಎಂಬ ಚಿಂತೆಯು ಅವರನ್ನು ಕಾಡಿತು. ಮರುವರ್ಷ ಕ್ಷಿಪಣಿಗಳ ಕೆಲಸದಲ್ಲಿ ತೊಡಗಿದ್ದ ವಿಜ್ಞಾನಿಯೊಬ್ಬರು ಅವರ ಯುದ್ಧಕಾಲದ ಬರಹದ ಪ್ರತಿಯನ್ನು ಕೇಳಿದರು. ವೀನರರು ಕೊಡಲಿಲ್ಲ. ನಿರಪರಾಧಿಗಳಾದ ನಗರವಾಸಿಗಳನ್ನು ಕೊಲ್ಲಲು ನೆರವಾಗುವ ಜ್ಞಾನವನ್ನು ತಾವು ಇನ್ನು ಹಂಚುವುದಿಲ್ಲವೆಂದು ಕಾರಣವನ್ನು ತಿಳಿಸಿದರು. ಆ ಪತ್ರವು 1947ರ ಜನವರಿಯಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ ದೊಡ್ಡ ಚರ್ಚೆಯನ್ನೆಬ್ಬಿಸಿತು. ಸೇನೆಯಿಂದ ಧನಸಹಾಯವು ಧಾರಾಳವಾಗಿ ಹರಿದುಬರುತ್ತಿದ್ದ ಕಾಲದಲ್ಲಿ ಅದರಿಂದ ದೂರ ಸರಿದು ನಿಲ್ಲುವುದು ಸುಲಭದ ಮಾತಾಗಿರಲಿಲ್ಲ.

ದುಡಿಯುವ ಜನರ ಬಗೆಗೂ ಅವರಿಗೆ ಅಷ್ಟೇ ಕಾಳಜಿ. ತಾವು ರೂಪಿಸಿದ ತತ್ತ್ವದಿಂದ ಕಾರ್ಖಾನೆಗಳಲ್ಲಿ ಮನುಷ್ಯನ ಕೈಗೆ ಬದಲಾಗಿ ಯಂತ್ರದ ಕೈ ಬರಲಿದೆಯೆಂದು ಅವರು ಮುಂಚೆಯೇ ಕಂಡಿದ್ದರು. 1949ರಲ್ಲಿ ಮೋಟಾರು ಕಾರ್ಮಿಕರ ಸಂಘದ ಅಧ್ಯಕ್ಷರಾಗಿದ್ದ ವಾಲ್ಟರ್ ರೂಥರರಿಗೆ ಪತ್ರ ಬರೆದು, ಬರಲಿರುವ ನಿರುದ್ಯೋಗದ ಬಗೆಗೆ ಎಚ್ಚರಿಸಿದರು. 1950ರಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದ ಗ್ರಂಥದಲ್ಲಿ ಇದೇ ವಿಚಾರವನ್ನು ವಿಸ್ತರಿಸಿದರು. ಮನುಷ್ಯನನ್ನು ಯಂತ್ರದ ಗಾಲಿಯಂತೆ ಬಳಸುವುದು ಅವನಿಗೆ ಮಾಡುವ ಅವಮಾನವೆಂಬುದು ಅದರ ಸಾರ.

ಯಂತ್ರವು ಮನುಷ್ಯನಿಗೆ ನೆರವಾಗಬೇಕಾದ ದಾರಿಯನ್ನು ಅವರು ಬೇರೆಡೆಯಲ್ಲಿ ಕಂಡರು. ಯುದ್ಧದಲ್ಲಿಯೂ ಅಪಘಾತಗಳಲ್ಲಿಯೂ ಕೈ ಕಳೆದುಕೊಂಡವರು ಅಸಂಖ್ಯ ಮಂದಿ. ಅವರಿಗೆ ದೊರೆಯುತ್ತಿದ್ದುದು ಮರದ ಕೈ ಅಥವಾ ಕಬ್ಬಿಣದ ಕೊಕ್ಕೆ. ಕೈ ಕಳೆದುಕೊಂಡವನು ಬಲವನ್ನು ಮಾತ್ರವಲ್ಲ, ಸ್ಪರ್ಶವನ್ನೂ, ಕೈ ಎಲ್ಲಿದೆ ಎಂಬ ಅರಿವನ್ನೂ ಕಳೆದುಕೊಂಡಿರುತ್ತಾನೆಂದು ವೀನರರು ತೋರಿಸಿದರು. ಕೃತಕ ಕೈಯು ಮನಸ್ಸಿನ ಆಜ್ಞೆಯನ್ನು ಕೇಳಿದರೆ ಸಾಲದು. ತಾನು ಮುಟ್ಟಿದುದರ ಸುದ್ದಿಯನ್ನೂ ಮರಳಿ ತಿಳಿಸಬೇಕು. ಆಜ್ಞೆಯೂ ಸುದ್ದಿಯೂ ಸೇರಿದಾಗಲೇ ಯಂತ್ರದ ಕೈ ಮನುಷ್ಯನ ಕೈಯಾಗಬಲ್ಲುದು. ಕಿವುಡರು ಮಾತಿನ ಧ್ವನಿಯನ್ನು ಬೆರಳುಗಳ ಮೇಲಿನ ಕಂಪನದಿಂದ ತಿಳಿಯುವಂತಹ ಕೈಗವಸಿನ ಪ್ರಯೋಗವನ್ನೂ ಅವರು ಇದೇ ಆಶಯದಿಂದ ನಡೆಸಿದರು.

1961ರಲ್ಲಿ ವೀನರ್ ಬಿದ್ದು ಸೊಂಟದ ಎಲುಬನ್ನು ಮುರಿದುಕೊಂಡು ಬಾಸ್ಟನ್ ನಗರದ ಆಸ್ಪತ್ರೆಯನ್ನು ಸೇರಿದರು. ಹಾಸಿಗೆಯಲ್ಲಿ ಮಲಗಿದ್ದಾಗಲೂ ಅವರು ವೈದ್ಯರೊಡನೆ ಕೃತಕ ಕೈಯ ವಿಚಾರವನ್ನೇ ಚರ್ಚಿಸಿದರು. ಆ ಮಾತುಕತೆಯು ಫಲಿಸಿತು. ವೈದ್ಯರೂ ಎಂಜಿನಿಯರರೂ ಕೂಡಿ ಬಾಸ್ಟನ್ ಕೈ ಎಂಬ ಸಾಧನವನ್ನು ನಿರ್ಮಿಸಲು ತೊಡಗಿದರು. ತೋಳಿನಲ್ಲಿ ಉಳಿದ ಸ್ನಾಯುವನ್ನು ಬಿಗಿದಾಗ ಹುಟ್ಟುವ ಅತಿ ಕ್ಷೀಣವಾದ ವಿದ್ಯುತ್ತನ್ನು ಹಿಡಿದು, ಹೆಚ್ಚಿಸಿ, ಅದರಿಂದ ಮೋಟಾರನ್ನು ನಡೆಸಿ ಮೊಣಕೈಯನ್ನು ಬಾಗಿಸುವ ಸಾಧನವದು. 1968ರಲ್ಲಿ ಅದನ್ನು ಪ್ರದರ್ಶಿಸಿದಾಗ ಅದನ್ನು ನೋಡಲು ವೀನರರು ಇರಲಿಲ್ಲ.

ಭಾರತದೊಡನೆಯೂ ಅವರಿಗೆ ಸ್ನೇಹದ ನಂಟಿತ್ತು. ಪ್ರಶಾಂತಚಂದ್ರ ಮಹಲನೋಬಿಸರು ಸ್ಥಾಪಿಸಿದ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ 1955-56ರಲ್ಲಿ ಅವರು ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಭಾರತೀಯ ಗಣಿತಜ್ಞರಾದ ಪಿ. ಆರ್. ಮಸಾನಿಯವರೊಡನೆ ಸೇರಿ, ಮುಂದಾಗುವುದನ್ನು ಊಹಿಸುವ ಗಣಿತದ ಬಗೆಗೆ ಮಹತ್ತ್ವದ ಲೇಖನಗಳನ್ನು ಬರೆದರು.

ಕಡೆಗಾಲದಲ್ಲಿ ವೀನರರ ಮನಸ್ಸು ಯೆಹೂದಿಗಳ ಹಳೆಯ ಕಥೆಯೊಂದರತ್ತ ತಿರುಗಿತು. ಮಂತ್ರದ ಬಲದಿಂದ ಜೀವ ತಳೆದು ಯಜಮಾನನ ಆಜ್ಞೆಯಂತೆ ನಡೆಯುವ ಮಣ್ಣಿನ ಮನುಷ್ಯ ಗೋಲೆಮನ ಕಥೆಯದು. ಇದನ್ನು ತಲೆಬರಹದಲ್ಲಿಯೇ ಸೇರಿಸಿ ಅವರು 1964ರಲ್ಲಿ ಒಂದು ಕಿರುಗ್ರಂಥವನ್ನು ಪ್ರಕಟಿಸಿದರು. ಯಂತ್ರವು ನಾವು ಬಯಸಿದುದನ್ನು ಮಾಡುವುದಿಲ್ಲ, ನಾವು ಕೇಳಿದುದನ್ನು ಮಾಡುತ್ತದೆ. ಕೇಳುವಾಗ ವಿವೇಕ ತಪ್ಪಿದರೆ ಕೇಡು ತಪ್ಪದು ಎಂಬುದು ಅವರ ಎಚ್ಚರಿಕೆ. ನಮ್ಮ ನಾಡಿನವರಿಗೆ ಇದು ಅಪರಿಚಿತವಾದ ಮಾತಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹೆಸರುವಾಸಿಯಾಗಿದ್ದ ಭಸ್ಮಾಸುರನ ಪಾತ್ರವನ್ನು ಘಟ್ಟದ ಮೇಲಿನ ಊರುಗಳ ಜನರು ಮರೆತಿಲ್ಲ. ತಾನು ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಭಸ್ಮವಾಗಲೆಂದು ಅಸುರನು ವರ ಕೇಳುತ್ತಾನೆ, ಕೇಳಿದುದು ದೊರೆಯುತ್ತದೆ. ಕೊನೆಗೆ ಮೋಹಿನಿಯ ಹೆಜ್ಜೆಗೆ ಹೆಜ್ಜೆ, ಮುದ್ರೆಗೆ ಮುದ್ರೆ ಸೇರಿಸಿ ಕುಣಿಯುತ್ತ ಕುಣಿಯುತ್ತ ತನ್ನ ಕೈಯನ್ನು ತನ್ನ ತಲೆಯ ಮೇಲೆಯೇ ಇಟ್ಟುಕೊಳ್ಳುತ್ತಾನೆ. ಚಲನೆಯ ಹೊಂದಾಣಿಕೆಯು ಎಷ್ಟೇ ನಿರ್ದುಷ್ಟವಾಗಿರಲಿ, ಗುರಿ ಯಾವುದೆಂಬ ವಿವೇಕವಿಲ್ಲದಿದ್ದರೆ ಅದು ವಿನಾಶಕ್ಕೆ ದಾರಿ.

1964ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನರು ವೀನರರಿಗೆ ರಾಷ್ಟ್ರೀಯ ವಿಜ್ಞಾನ ಪದಕವನ್ನು ನೀಡಿ ಗೌರವಿಸಿದರು. ಅದೇ ವರ್ಷದ ಮಾರ್ಚ್ 18ರಂದು, ಸ್ವೀಡನ್ನಿನ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿದ್ದಾಗ, ಅವರು ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ ಅರುವತ್ತೊಂಬತ್ತು ವರ್ಷ.

ಅವರು ಬಿತ್ತಿದ ಬೀಜವು ಇಂದು ಹೆಮ್ಮರವಾಗಿದೆ. 1973ರಲ್ಲಿ ಜಪಾನಿನ ವಾಸೆಡಾ ವಿಶ್ವವಿದ್ಯಾನಿಲಯದಲ್ಲಿ ಎರಡು ಕಾಲುಗಳ ಮೇಲೆ ನಡೆಯುವ, ಕೈಯಿಂದ ವಸ್ತುಗಳನ್ನು ಹಿಡಿಯುವ ಮಾನವಾಕಾರದ ಯಂತ್ರವು ಸಿದ್ಧವಾಯಿತು. ಅಲ್ಲಿಂದೀಚೆಗೆ ಇಂತಹ ಯಂತ್ರಗಳು ಬಹಳ ಮುಂದುವರಿದಿವೆ. ಆದರೆ ಮನುಷ್ಯನ ಕೈಗೆ ಒಂದು ಲೋಟ ನೀರನ್ನು ಕೊಡುವುದು ಇಂದಿಗೂ ಯಂತ್ರಕ್ಕೆ ಕಠಿಣವಾದ ಪರೀಕ್ಷೆಯೇ ಸರಿ. ಬೇಗ ಬಿಟ್ಟರೆ ಲೋಟವು ಬೀಳುತ್ತದೆ; ತಡವಾಗಿ ಬಿಟ್ಟರೆ ಎಳೆದಾಟವಾಗುತ್ತದೆ. ಕೊಳ್ಳುವವನ ಹಿಡಿತವು ಬಿಗಿಯಾದಂತೆಲ್ಲ ಕೊಡುವ ಕೈಯು ತನ್ನ ಹಿಡಿತವನ್ನು ಸಡಿಲಿಸಬೇಕು. ಕಣ್ಣು ಕಂಡುದಕ್ಕೆ ಮನುಷ್ಯನ ಕೈ ಪ್ರತಿಕ್ರಿಯಿಸಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಬೇಕು. ಯಂತ್ರಕ್ಕೂ ತನ್ನದೇ ಆದ ವಿಳಂಬವುಂಟು. ಆದುದರಿಂದ ಎರಡೂ ಇನ್ನೊಂದರ ಮುಂದಿನ ಚಲನೆಯನ್ನು ಮೊದಲೇ ಊಹಿಸಬೇಕು. ಊಹೆ ತಪ್ಪಿದರೆ ಕೂಡಲೇ ತಿದ್ದಿಕೊಳ್ಳಬೇಕು. ಊಹೆ ಮತ್ತು ತಿದ್ದುಪಡಿ, ಈ ಎರಡೂ ವೀನರರ ಕಾಣಿಕೆಗಳೇ.

ತಡವರಿಸುವ ಬೆರಳುಗಳಿಂದಾಗಿ ಪ್ರಯೋಗಶಾಲೆಯನ್ನು ಬಿಡಬೇಕಾಗಿ ಬಂದ ಬಾಲಕನು ಮುಂದೆ ಕೈ ಕಳೆದುಕೊಂಡವರಿಗೆ ಕೈ ಬರುವ ದಾರಿಯನ್ನು ತೋರಿದನು. ತಪ್ಪುವುದು ದೋಷವಲ್ಲ, ತಪ್ಪಿನ ಸುದ್ದಿಯನ್ನು ಕೇಳದಿರುವುದೇ ದೋಷ ಎಂಬುದನ್ನು ಅವರ ಶಾಸ್ತ್ರವು ಸಾರುತ್ತದೆ. ಯಂತ್ರಕ್ಕೆ ಎಂತಹ ಕೈಯನ್ನೇ ಕೊಟ್ಟರೂ ಚುಕ್ಕಾಣಿಯನ್ನು ಮನುಷ್ಯನು ಬಿಟ್ಟುಕೊಡಬಾರದೆಂಬುದನ್ನು ಅವರ ಬಾಳು ಸಾರುತ್ತದೆ.